ಮನೆಗೆಲ್ಲ ಒಂದೇ ಬ್ರೇಕರ್: ನಿಯಮದಲ್ಲಿರುವುದೇನು?

ಮಳೆಗಾಲ ಹಿಡಿಯಿತೆಂದರೆ ನಮ್ಮ ಕಡೆಯ ಮನೆಗಳಲ್ಲಿ ಒಂದು ದೂರು ಸಾಮಾನ್ಯ. ರಾತ್ರಿ ಎಲ್ಲರೂ ಮಲಗಿದ ಮೇಲೆ ಇಎಲ್‌ಸಿಬಿ ಬೀಳುತ್ತದೆ. ಇಡೀ ಮನೆ ಕತ್ತಲೆ. ನೆರೆಮನೆಯಲ್ಲಿ ದೀಪ ಉರಿಯುತ್ತಿರುವುದರಿಂದ ವಿದ್ಯುತ್ ಮಂಡಳಿಯನ್ನು ಬೈಯುವಂತೆಯೂ ಇಲ್ಲ. ಎತ್ತಿಟ್ಟರೆ ಮತ್ತೆ ಬೀಳುತ್ತದೆ. ನಾಲ್ಕು ರಾತ್ರಿ ಹೀಗಾದ ಮೇಲೆ ಪರಿಚಯದವರೊಬ್ಬರು ಬಂದು, ಆ ಉಪಕರಣವನ್ನು ಬಿಟ್ಟು ತಂತಿಯನ್ನು ನೇರವಾಗಿ ಜೋಡಿಸಿ ಹೋಗುತ್ತಾರೆ. ದೂರು ನಿಂತಿತು; ರಕ್ಷಣೆಯೂ ಹೋಯಿತು.

ಇದಕ್ಕೆ ನಿಯಮವನ್ನೇ ಹಳಿಯುವವರಿದ್ದಾರೆ. ಆದರೆ ನಿಯಮ ಹೇಳುವುದೇನು? ಕೇಂದ್ರ ವಿದ್ಯುತ್ ಪ್ರಾಧಿಕಾರದ 2010ರ ಸುರಕ್ಷಾ ನಿಯಮಾವಳಿಯ ಸ್ಥಾನದಲ್ಲಿ 2023ರಲ್ಲಿ ಹೊಸತು ಬಂದಿದೆ. ಗೃಹಬಳಕೆಯಲ್ಲಿ ಸೋರಿಕೆಯ ಕರೆಂಟು 30 ಮಿಲಿ ಆಂಪಿಯರ್ ದಾಟುವ ಮೊದಲೇ ಪೂರೈಕೆ ಕಡಿಯಬೇಕೆಂಬುದು ಇದರ ಸಾರ. ಮನೆಯ ಎಲ್ಲ ಸರ್ಕ್ಯೂಟುಗಳೂ ಒಂದೇ ಉಪಕರಣವನ್ನು ಹಂಚಿಕೊಳ್ಳಬೇಕು ಎಂದು ಅದರಲ್ಲಿಲ್ಲ. ಅದು ಖರ್ಚು ಉಳಿಸಲು ನಾವು ಮಾಡಿಕೊಂಡ ಅರ್ಥ.

ಈ ಅರ್ಥದಿಂದಾಗುವ ತೊಂದರೆಯನ್ನು ಸ್ವಲ್ಪ ಲೆಕ್ಕ ಹಾಕಿ ನೋಡೋಣ. ಪೇಟೆಯಲ್ಲಿ ಈಗ ಸಿಗುವ ಸಾಧನ ಆರ್‌ಸಿಸಿಬಿ. ಇಎಲ್‌ಸಿಬಿ ಎಂಬ ಹಳೆಯ ಹೆಸರು ಜನರ ಬಾಯಲ್ಲಿ ಉಳಿದಿದೆ. 30 ಮಿಲಿ ಆಂಪಿಯರಿನದು 15ರವರೆಗೆ ಬೀಳಕೂಡದು, 30ಕ್ಕೆ ಬೀಳಲೇಬೇಕು. ನಡುವೆ ಎಲ್ಲಿ ಬೇಕಾದರೂ ಬೀಳಬಹುದು. ಎಂಟು ಸರ್ಕ್ಯೂಟುಗಳ ಮನೆಯಲ್ಲಿ, ನೆನೆದ ಗೋಡೆ, ಅಂಗಳದ ದೀಪ, ಬಾವಿಯ ಪಂಪು, ಫ್ರಿಜ್ ಎಂದು ಒಂದೊಂದರಲ್ಲಿ ಎರಡೂವರೆ ಮಿಲಿ ಆಂಪಿಯರ್ ಸೋರಿದರೂ ಒಟ್ಟು 20 ಆಗುತ್ತದೆ. ಪ್ರತ್ಯೇಕವಾಗಿ ನೋಡಿದರೆ ಯಾವುದರಲ್ಲೂ ಅಪಾಯವಿಲ್ಲ. ಕೂಡಿದಾಗ ಮನೆ ಕತ್ತಲಾಗುತ್ತದೆ. ಅಂಗಳದ ದೀಪಕ್ಕೂ ಪಂಪಿಗೂ ಒಂದು, ಅಡುಗೆಕೋಣೆ ಬಚ್ಚಲುಮನೆಗಳಿಗೆ ಒಂದು, ಒಳಗಿನ ದೀಪ ಫ್ಯಾನುಗಳಿಗೆ ಇನ್ನೊಂದು ಎಂದು ಮೂರು ಆರ್‌ಸಿಸಿಬಿ ಹಾಕಿದರೆ ನಿಯಮವೂ ಉಳಿಯುತ್ತದೆ, ಆಟಿಯ ಮಳೆಗೆ ಪಂಪಿನ ಸರ್ಕ್ಯೂಟು ಬಿದ್ದರೂ ಮಲಗುವ ಕೋಣೆಯಲ್ಲಿ ಬೆಳಕಿರುತ್ತದೆ. ತಪ್ಪಿಸಿ ಜೋಡಿಸುವ ಮನಸ್ಸೇ ಬಾರದಂತೆ ಮಾಡುವುದು ಬೈಗುಳಕ್ಕಿಂತ ಒಳ್ಳೆಯ ಉಪಾಯ.

ಎಂಸಿಬಿಯ ವಿಚಾರ ಬೇರೆ. ಅದು ಮನುಷ್ಯನನ್ನು ಕಾಯುವ ಸಾಧನವಲ್ಲ, ಗೋಡೆಯೊಳಗಿನ ತಂತಿಯನ್ನು ಕಾಯುವಂಥದು. ವಯರಿಂಗಿನ ಭಾರತೀಯ ಮಾನಕ ಐಎಸ್ 732 ದೀಪ-ಫ್ಯಾನುಗಳ ಒಂದು ಸರ್ಕ್ಯೂಟಿಗೆ ಹತ್ತು ಪಾಯಿಂಟು, 800 ವಾಟ್ ಎಂದು ಬಹುಕಾಲದಿಂದ ಹೇಳುತ್ತ ಬಂದಿದೆ. ಪವರ್ ಸರ್ಕ್ಯೂಟಿಗೆ ಎರಡಕ್ಕಿಂತ ಹೆಚ್ಚು ಸಾಕೆಟ್ ಬೇಡವೆಂದೂ. ಇಂಡಕ್ಷನ್ ಒಲೆ, ನೀರು ಕಾಯಿಸುವ ಗೀಸರ್, ಎರಡೂ 2,000 ವಾಟಿನವು ಒಂದೇ 16 ಆಂಪಿಯರಿನ ಎಂಸಿಬಿಯಲ್ಲಿ ನಡೆದರೆ 17.4 ಆಂಪಿಯರ್ ಹರಿಯುತ್ತದೆ. ಆ ಎಂಸಿಬಿ 18ರವರೆಗೆ ಒಂದು ತಾಸು ಬೀಳದೆ ನಿಲ್ಲುವಂತೆಯೇ ಮಾಡಲ್ಪಟ್ಟಿದೆ. ಅಂದರೆ ಬೀಳದ ಮಾತ್ರಕ್ಕೆ ಎಲ್ಲ ಸರಿಯಿದೆ ಎಂದಲ್ಲ. ಜೊತೆಗೆ ಇಸ್ತ್ರಿಪೆಟ್ಟಿಗೆಯೂ ಸೇರಿದಾಗ ಬೀಳತೊಡಗುತ್ತದೆ. ಆಗ ‘32ರದ್ದು ಹಾಕಿಬಿಡಿ’ ಎಂಬ ಸಲಹೆ ಬರುತ್ತದೆ. ಪೈಪಿನಲ್ಲಿ ಹೋದ 1.5 ಚದರ ಮಿಲಿಮೀಟರಿನ ತಂತಿಗೆ ಅಷ್ಟು ತಾಳುವ ಶಕ್ತಿಯಿಲ್ಲ. ಬ್ರೇಕರ್ ಬೀಳುವ ಮೊದಲೇ ತಂತಿಯ ಹೊದಿಕೆ ಬೇಯುತ್ತದೆ.

ಇಲ್ಲಿಯೇ ನಿಯಮದ ಒಂದು ಮಾತನ್ನು ಸರಿಯಾಗಿ ಓದಿಕೊಳ್ಳಬೇಕು. ಬಲ್ಬು, ಫ್ಯಾನು, ಫ್ಯೂಸು, ಸ್ವಿಚ್ಚು ಬದಲಿಸಲು ಪರವಾನಿಗೆಯ ಗುತ್ತಿಗೆದಾರ ಬೇಡ ಎಂಬ ವಿನಾಯಿತಿ ಇದೆ. ಆದರೆ ವ್ಯವಸ್ಥೆಯ ಸಾಮರ್ಥ್ಯವಾಗಲಿ ಸ್ವರೂಪವಾಗಲಿ ಬದಲಾಗಕೂಡದು ಎಂಬ ಷರತ್ತಿನ ಮೇಲೆ. ಸುಟ್ಟ 10ರ ಜಾಗಕ್ಕೆ 10ನ್ನೇ ಇಡುವುದು ದುರಸ್ತಿ; 10ರ ಜಾಗಕ್ಕೆ 32 ಇಡುವುದು ಸಾಮರ್ಥ್ಯದ ಬದಲಾವಣೆ. ಎರಡೂ ಐದು ನಿಮಿಷದ ಕೆಲಸವೇ, ಕಾನೂನಿನ ಕಣ್ಣಿಗೆ ಮಾತ್ರ ಬೇರೆ ಬೇರೆ.

ಗಲ್ಫಿನ ದುಡಿಮೆಯಿಂದ ಮಾಳಿಗೆ ಏರಿಸಿದ ಮನೆಗಳು ಇಲ್ಲಿ ಕಡಿಮೆಯಿಲ್ಲ. ಅಂಥಲ್ಲಿ ಇನ್ನೊಂದು ತೊಡಕಿದೆ. ಮೆಟ್ಟಿಲ ದೀಪಕ್ಕೆ ಫೇಸ್ ಕೆಳಗಿನದು, ನ್ಯೂಟ್ರಲ್ ಮೇಲಿನದು ಎಂದು ಹತ್ತಿರ ಸಿಕ್ಕ ತಂತಿಯನ್ನು ಕಟ್ಟಿರುತ್ತಾರೆ. ಮನೆಗೆ ಒಂದೇ ಆರ್‌ಸಿಸಿಬಿ ಇರುವವರೆಗೆ ಇದು ತಿಳಿಯುವುದೇ ಇಲ್ಲ. ಮೇಲಂತಸ್ತಿಗೆ ಬೇರೆ ಹಾಕಿದ ದಿನ ಆ ದೀಪ ಹೊತ್ತಿಸಿದೊಡನೆ ಬ್ರೇಕರ್ ಬೀಳುತ್ತದೆ, ಹೊಸ ಸಾಧನವೇ ಕೆಟ್ಟದ್ದೆಂದು ತೀರ್ಮಾನವೂ ಆಗುತ್ತದೆ. ಮೇಲಿನ ಎಂಸಿಬಿ ಇಳಿಸಿ ಕೆಲಸಕ್ಕೆ ನಿಂತ ವಯರ್‌ಮ್ಯಾನಿಗೆ ಆ ನ್ಯೂಟ್ರಲ್ಲೇ ಶಾಕ್ ಕೊಡಲೂ ಸಾಧ್ಯ. ಆದ್ದರಿಂದ ಬೇರ್ಪಡಿಸುವ ಮೊದಲು ನ್ಯೂಟ್ರಲ್‌ಗಳನ್ನು ಪರೀಕ್ಷಿಸಿ ಬೇರೆ ಮಾಡಿಸಬೇಕು.

ಮೀಟರಿನಾಚೆಯ ವಯರಿಂಗಿನ ಹೊಣೆ ಬಳಕೆದಾರನದು. ಹೊಣೆ ಹೊತ್ತವನಿಗೆ ನಿಯಮ ಓದಲು ಬರಬೇಡವೇ? ಕೇಂದ್ರದ ನಿಯಮಾವಳಿ ಹಿಂದಿ, ಇಂಗ್ಲಿಷಿನಲ್ಲಿದೆ. ಮಂಜೇಶ್ವರ, ಕಾಸರಗೋಡು ತಾಲೂಕುಗಳ ಕನ್ನಡ ಓದುಗನಿಗೆ ಅದು ತಲುಪುವುದು ವಯರ್‌ಮ್ಯಾನನ ಬಾಯಿಯಿಂದ ಮಾತ್ರ. ಸೆಕ್ಷನ್ ಕಚೇರಿಗಳಲ್ಲಿ ಒಂದು ಪುಟದ ಕನ್ನಡ ಸೂಚನೆ ಇಡಲು ಸಂಬಂಧಪಟ್ಟವರಿಗೆ ಹೆಚ್ಚಿನ ವೆಚ್ಚ ತಗಲದು. ಅದರಲ್ಲಿ ಆರ್‌ಸಿಸಿಬಿಯ ಮೇಲಿರುವ ‘ಟಿ’ ಗುಂಡಿಯ ಮಾತು ಮೊದಲ ಸಾಲಿನಲ್ಲೇ ಬರಲಿ. ಒತ್ತಿದಾಗ ಬೀಳದಿದ್ದರೆ ಆ ಉಪಕರಣ ಕೆಲಸ ಮಾಡುತ್ತಿಲ್ಲ, ಇಲ್ಲವೇ ಯಾರೋ ಅದನ್ನು ತಪ್ಪಿಸಿ ತಂತಿ ಜೋಡಿಸಿದ್ದಾರೆ.