ಕಟ್ಟೆ ಮೇಲೆ ಕೂತವರು ದಂಡಪಿಂಡಗಳಲ್ಲ



ನಿರುದ್ಯೋಗ ನಮ್ಮ ದೇಶದ ದೊಡ್ಡ ಸಮಸ್ಯೆ ಎಂದು ಸಮಾಜ ಪಾಠದಲ್ಲಿ ಓದಿದ್ದೇವೆ. ನಮ್ಮೂರ ಅರಳಿಕಟ್ಟೆ ನೋಡಿದರೂ ಅದು ಗೊತ್ತಾಗುತ್ತೆ. ಎಸ್ಸೆಸ್ಸೆಲ್ಸಿ, ಪಿಯುಸಿ ಮುಗಿಸಿದ ಅಣ್ಣಂದಿರು ಮೂರು ನಾಲ್ಕು ವರ್ಷದಿಂದ ಅಲ್ಲೇ ಕೂತಿದ್ದಾರೆ. ದೊಡ್ಡವರು ಅವರನ್ನು ದಂಡಪಿಂಡಗಳು ಅಂತಾರೆ. ಹಾಗೆ ಅನ್ನುವುದು ತಪ್ಪು ಎಂದು ನನ್ನ ಅಭಿಪ್ರಾಯ. ಅರ್ಜಿ ಹಾಕಿ ಹಾಕಿ ಅವರಿಗೂ ಸಾಕಾಗಿದೆ. ಓದು ಮುಗಿಸಿದ ಅಕ್ಕಂದಿರು ಕಟ್ಟೆ ಮೇಲೆ ಕಾಣೋದಿಲ್ಲ, ಮನೆಯೊಳಗೆ ಇದ್ದಾರೆ. ಅವರೂ ನಿರುದ್ಯೋಗಿಗಳೇ.

ಕೆಲಸ ಯಾರೂ ಕೊಡದಿದ್ದರೆ ಹತ್ತು ಜನ ಸೇರಿ ಕೆಲಸ ಹುಟ್ಟಿಸಬಹುದು. ಹಿಂದೆ ಕಾಫಿ ಬೋರ್ಡಿನವರು ಕಾಫಿ ಹೌಸ್‌ಗಳನ್ನು ನಡೆಸುತ್ತಿದ್ದರು. 1950ರ ದಶಕದಲ್ಲಿ ಅವುಗಳನ್ನು ಮುಚ್ಚತೊಡಗಿದರು. ಕೆಲಸಗಾರರು ಬೀದಿಗೆ ಬಿದ್ದರು. ಆಗ ಎ. ಕೆ. ಗೋಪಾಲನ್ ಎಂಬ ನಾಯಕರು, ನೀವೇ ಸಂಘ ಕಟ್ಟಿ ನಡೆಸಿ ಎಂದು ಧೈರ್ಯ ತುಂಬಿದರು. 1957ರಲ್ಲಿ ನಮ್ಮ ಬೆಂಗಳೂರಿನಲ್ಲೇ ಕಾಫಿ ಕೆಲಸಗಾರರ ಸಹಕಾರ ಸಂಘ ಹುಟ್ಟಿತು. ಕಾಫಿ ತಂದುಕೊಡುತ್ತಿದ್ದವರೇ ಮಾಲೀಕರಾದರು! ಇಂಡಿಯನ್ ಕಾಫಿ ಹೌಸ್‌ಗಳು ಹಲವು ರಾಜ್ಯಗಳಲ್ಲಿ ಈಗಲೂ ನಡೆಯುತ್ತಿವೆ. ಮುಂಬಯಿಯಲ್ಲಿ 1959ರಲ್ಲಿ ಏಳು ಜನ ಹೆಂಗಸರು 80 ರೂಪಾಯಿ ಸಾಲ ತಂದು ಹಪ್ಪಳ ಮಾಡಲು ಶುರು ಮಾಡಿದರು. ಅದೇ ಲಿಜ್ಜತ್ ಹಪ್ಪಳ.

ನಮ್ಮೂರಲ್ಲಿ ಏನು ಮಾಡಬಹುದು? ಅಡಿಕೆ ತೋಟದಲ್ಲಿ ಬಿದ್ದ ಹಾಳೆ ಬಚ್ಚಲೊಲೆಗೆ ಹೋಗುತ್ತೆ. ಆದರೆ ಮದುವೆ ಬಂತು ಅಂದ್ರೆ ಪೇಟೆಯಿಂದ ಪ್ಲಾಸ್ಟಿಕ್ ತಟ್ಟೆ ತರುತ್ತೇವೆ. ಅದಕ್ಕೆ 2022ರಲ್ಲೇ ನಿಷೇಧ ಬಂದಿದೆ. ಹಾಳೆಯನ್ನು ತೊಳೆದು, ಬಿಸಿ ಅಚ್ಚಿನ ಮಿಷನ್ನಿನಲ್ಲಿ ಒತ್ತಿದರೆ ತಟ್ಟೆಯಾಗುತ್ತದೆ. ಜಾತ್ರೆ, ಮದುವೆ, ತಿಥಿ ಎಲ್ಲಕ್ಕೂ ತಟ್ಟೆ ಬೇಕೇ ಬೇಕು. ಊರ ಹಳೇ ಗೋದಾಮಿಗೆ ಬೀಗ ಬಿದ್ದಿದೆ. ಅದನ್ನು ಪಂಚಾಯ್ತಿಯವರು ಈ ಕೆಲಸಕ್ಕೆ ಕೊಡಿಸಬೇಕು.

ಬರೀ ಸಾಲ ಕೊಟ್ಟು ಕೈ ತೊಳೆದುಕೊಂಡರೆ ಆಗಲ್ಲ. ಮೊದಲು ಕೆಲಸ ಕಲಿಯಬೇಕು, ಲೆಕ್ಕ ಬರೆಯೋದು ಕಲಿಯಬೇಕು. ನಿರುದ್ಯೋಗಿಗಳಿಗೆ ಉಚಿತವಾಗಿ ತರಬೇತಿ ಕೊಡಲು 1982ರಲ್ಲಿ ಉಜಿರೆಯಲ್ಲಿ ರುಡ್‌ಸೆಟ್ ಸಂಸ್ಥೆ ಶುರುವಾಯಿತು. ಅದರ ಮಾದರಿಯಲ್ಲಿ ಬ್ಯಾಂಕುಗಳು ಜಿಲ್ಲೆಗಳಲ್ಲಿ ತರಬೇತಿ ಕೇಂದ್ರ ನಡೆಸುತ್ತಿವೆ. ಅಲ್ಲಿಗೆ ಅಣ್ಣಂದಿರನ್ನೂ ಅಕ್ಕಂದಿರನ್ನೂ ಕಳಿಸಬೇಕು.

ಹತ್ತು ಜನ ಸೇರಿದರೆ ಜಗಳ ಗ್ಯಾರಂಟಿ ಅಂತ ಕೆಲವರು ಹೇಳುತ್ತಾರೆ. ಆಗಬಹುದು. ಆದರೆ ಸಹಕಾರ ಸಂಘದಲ್ಲಿ ಒಬ್ಬರಿಗೆ ಒಂದೇ ಓಟು. ಶ್ರೀಮಂತನಿಗೂ ಒಂದು, ಬಡವನಿಗೂ ಒಂದು. ವಾರಕ್ಕೊಮ್ಮೆ ಎಲ್ಲರ ಮುಂದೆ ಲೆಕ್ಕ ಓದಿದರೆ ಅರ್ಧ ಜಗಳ ಅಲ್ಲಿಗೇ ನಿಲ್ಲುತ್ತದೆ. ಹನಿಹನಿಗೂಡಿದರೆ ಹಳ್ಳ ಎಂಬ ಗಾದೆ ಸುಳ್ಳಲ್ಲ.

ಗೆಳೆಯರೇ, ಮುಂದಿನ ಮಕ್ಕಳ ಗ್ರಾಮಸಭೆಯಲ್ಲಿ ಆಟದ ಮೈದಾನದ ಜೊತೆಗೆ ಇದನ್ನೂ ಕೇಳೋಣ. ಇನ್ನು ಕೆಲವೇ ವರ್ಷಗಳಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ ಆ ಕಟ್ಟೆಗೆ ಬರುವವರು ನಾವೇ ಅಲ್ಲವೇ?

ಇಂತಿ,
ಏಳನೇ ತರಗತಿಯ ವಿದ್ಯಾರ್ಥಿನಿ