ಮೇಷ್ಟ್ರ ಕೆಂಪು ಶಾಯಿ

ಸೆಪ್ಟೆಂಬರ್ 5 ಬಂತೆಂದರೆ ನಮ್ಮ ಸಂಘದ ಸದಸ್ಯರು ತಂತಮ್ಮ ಗುರುಗಳನ್ನು ನೆನೆಯುವುದು ವಾಡಿಕೆ. ಆ ನೆನಪುಗಳ ನಡುವೆ ಒಂದು ಮಾತು ತಪ್ಪದೆ ಕೇಳಿಬರುತ್ತದೆ: “ಮೇಷ್ಟ್ರು ಅಂದು ಹೊಡೆದದ್ದರಿಂದಲೇ ಇಂದು ನಾವು ಈ ಸ್ಥಿತಿಗೆ ಬಂದೆವು.” ಈ ಮಾತನ್ನು ನಾವು ಒಪ್ಪಲಾರೆವು.

1990ರ ದಶಕದಲ್ಲಿ ಮಲೆನಾಡಿನ ಅಂಚಿನ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ನಮಗೆ ಗಣಿತ ಕಲಿಸಿದವರು ಬಹು ನಿಷ್ಠುರ ಸ್ವಭಾವದವರು. ಇಪ್ಪತ್ತರವರೆಗೆ ಮಗ್ಗಿ ಒಪ್ಪಿಸದೆ ಮನೆಗೆ ಹೋಗುವಂತಿರಲಿಲ್ಲ. ಲೆಕ್ಕ ಸರಿಯಿದ್ದರೂ ಉತ್ತರದ ಮುಂದೆ ಏಕಮಾನ ಬರೆಯದಿದ್ದರೆ ಅಂಕ ಸೊನ್ನೆ. “ಹನ್ನೆರಡು ಏನಯ್ಯಾ? ಕುರಿಯೋ, ಮೈಲಿಯೋ?” ಎಂದು ಕೇಳುತ್ತಿದ್ದರು. ಸಂಜೆ ಇಡೀ ತರಗತಿಯ ಪುಸ್ತಕಗಳನ್ನು ಸೈಕಲ್ಲಿಗೆ ಕಟ್ಟಿ ಒಯ್ದವರು ಮರುದಿನ ಬೆಳಗ್ಗೆ ಸಾಲುಸಾಲೂ ಕೆಂಪು ಶಾಯಿಯಲ್ಲಿ ತಿದ್ದಿ ತರುತ್ತಿದ್ದರು.

ಆ ಪ್ರಶ್ನೆಯ ಬೆಲೆ ನಮಗೆ ತಿಳಿದದ್ದು ಎಂ.ಬಿ.ಬಿ.ಎಸ್. ಮುಗಿಸಿ ಮಕ್ಕಳ ವಾರ್ಡಿನಲ್ಲಿ ನಿಂತಾಗ. ಜ್ವರದ ಪ್ಯಾರಸಿಟಮಾಲ್ ಸಿರಪ್ಪಿನಲ್ಲಿ 5 ಮಿಲಿಲೀಟರಿಗೆ 120 ಮಿಲಿಗ್ರಾಂ ಇರುವುದೂ ಉಂಟು, 250 ಮಿಲಿಗ್ರಾಂ ಇರುವುದೂ ಉಂಟು. “ಒಂದು ಚಮಚ ಕೊಡಿ” ಎಂದಷ್ಟೇ ಹೇಳಿದರೆ ಮಗುವಿನ ಹೊಟ್ಟೆಗೆ ಎರಡರಷ್ಟಕ್ಕೂ ಮಿಗಿಲಾದ ಔಷಧ ಸೇರಬಹುದು. ಮೈಕ್ರೋಗ್ರಾಂ ಎಂದಿರಬೇಕಾದಲ್ಲಿ ಮಿಲಿಗ್ರಾಂ ಎಂದು ಬರೆದರಂತೂ ಸಾವಿರ ಪಟ್ಟು ಹೆಚ್ಚು. ಇಂದಿಗೂ ಔಷಧದ ಚೀಟಿಗೆ ಸಹಿ ಹಾಕುವ ಮುನ್ನ “ಏನಯ್ಯಾ?” ಎಂಬ ಆ ದನಿ ಕಿವಿಯಲ್ಲಿ ಮೊಳಗುತ್ತದೆ.

ಅದೇ ಮೇಷ್ಟ್ರ ಮೇಜಿನ ಮೇಲೆ ಹುಣಸೆ ಬರಲೂ ಇರುತ್ತಿತ್ತು. ನಮ್ಮ ಬೆಂಚಿನ ಗೆಳೆಯನೊಬ್ಬನಿಗೆ ಲೆಕ್ಕ ಚೆನ್ನಾಗಿಯೇ ಬರುತ್ತಿತ್ತು. ಆದರೆ ಮಾತು ತೊದಲುತ್ತಿತ್ತು. ಮಗ್ಗಿ ಒಪ್ಪಿಸುವಾಗ ತಡವರಿಸಿದಾಗಲೆಲ್ಲ ಪೆಟ್ಟು ತಿಂದು, ಒಂಬತ್ತನೆಯ ತರಗತಿಯ ನಡುವೆಯೇ ಅವನು ಶಾಲೆ ಬಿಟ್ಟ. ನಾವು ಯಾರೂ ಅವನ ಪರವಾಗಿ ಬಾಯಿ ತೆರೆಯಲಿಲ್ಲ. ಹೊಡೆತದಿಂದ ಉದ್ಧಾರವಾದೆವೆಂದು ಸಭೆಗಳಲ್ಲಿ ಹೇಳುವಾಗ ಅವನಂಥವರು ನಮ್ಮೆದುರು ಕುಳಿತಿರುವುದಿಲ್ಲ. ಭಾರತದ 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಸೆಕ್ಷನ್ನು ಮಕ್ಕಳಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿತು. ಅವನ ಪಾಲಿಗೆ ಅದು ತಡವಾಗಿ ಬಂದಿತು.

ಆದರೆ ಬರಲಿನೊಡನೆ ಕೆಂಪು ಶಾಯಿಯನ್ನೂ ನಾವು ಎಸೆದುಬಿಟ್ಟೆವೇ ಎಂಬ ಅಳುಕು ಈಗ ನಮ್ಮನ್ನು ಕಾಡುತ್ತಿದೆ. ನಮ್ಮ ಭಾನುವಾರದ ಕನ್ನಡ ತರಗತಿಯಲ್ಲಿ ಮಗು “ಹಾಲು” ಬದಲು “ಹಾಳು” ಎಂದು ಬರೆದರೂ “ಪರವಾಗಿಲ್ಲ, ಪುಟ್ಟಾ” ಎನ್ನುತ್ತೇವೆ. ವರ್ಷದ ಕೊನೆಗೆ ಎಲ್ಲರಿಗೂ ಪ್ರಮಾಣಪತ್ರ ಕೊಡುತ್ತೇವೆ. ರಜೆಯಲ್ಲಿ ಊರಿಗೆ ಹೋದ ಮಗುವಿಗೆ ಅಜ್ಜಿ ಬರೆದಿಟ್ಟ ನಾಲ್ಕು ಸಾಲು ಓದಲು ಬರುವುದಿಲ್ಲ. ಮಗುವಿನ ಮನಸ್ಸು ನೋಯಬಾರದೆಂಬ ಕಾಳಜಿ ನಿಜವೇ; ಜೊತೆಗೆ ಕೂತು ತಿದ್ದುವ ಶ್ರಮವನ್ನು ತಪ್ಪಿಸಿಕೊಳ್ಳುವ ನಮ್ಮ ಆಸೆಯೂ ಅದರ ಮರೆಯಲ್ಲಿದೆ ಎಂಬುದನ್ನು ಒಪ್ಪಿಕೊಳ್ಳಬೇಕು.

ಆದ್ದರಿಂದ ಸದಸ್ಯ ಕುಟುಂಬಗಳಲ್ಲಿ ನಮ್ಮದೊಂದು ವಿನಂತಿ. ಕಲಿಸುವ ನಾವು ಪ್ರತಿ ವಾರ ಮಕ್ಕಳ ಪುಸ್ತಕಗಳನ್ನು ಮನೆಗೆ ಒಯ್ದು ತಿದ್ದೋಣ. ತಂದೆತಾಯಿಯರು ಹತ್ತು ನಿಮಿಷ ಪಕ್ಕದಲ್ಲಿ ಕುಳಿತು, ತಪ್ಪಾದ ಪದವನ್ನು ಮಗುವಿನಿಂದಲೇ ಮತ್ತೆ ಬರೆಸಲಿ. ದನಿ ಏರಿಸುವ ಅಗತ್ಯವಿಲ್ಲ. ಬರೆದದ್ದು ಸರಿಯಾಗುವವರೆಗೆ ಬಿಡದಿದ್ದರೆ ಸಾಕು. ಮೇಷ್ಟ್ರಿಂದ ನಾವು ಪಡೆದದ್ದರಲ್ಲಿ ಮುಂದಿನವರಿಗೆ ದಾಟಿಸಲು ಯೋಗ್ಯವಾದದ್ದು ಅದೊಂದೇ.