ಪೊಟ್ಯಾಷ್: ಯಾವ ಲೆಕ್ಕದಲ್ಲಿ?

ಸದಸ್ಯ ಬಾಂಧವರಲ್ಲಿ ಒಂದು ಅರಿಕೆ. ವಿಚಾರ ಗೊಬ್ಬರದ್ದೇ ಆದರೂ ಆಸ್ಪತ್ರೆಯಿಂದ ಆರಂಭಿಸಬೇಕಾಗಿದೆ.

ಕಳೆದ ಮಾಗಿಯಲ್ಲಿ, ಅಡಿಕೆ ಕೊಯ್ಲಿನ ಗಡಿಬಿಡಿಯ ನಡುವೆಯೇ, ಭಾವನವರನ್ನು ಕರೆದುಕೊಂಡು ಬೆಂಗಳೂರಿಗೆ ಹೋಗಬೇಕಾಯಿತು. ಅವರಿಗೆ ಮೂತ್ರಪಿಂಡದ ತೊಂದರೆ. ಹಲಸೂರಿನಲ್ಲಿ ಅವರ ಮಗನ ಮನೆ. ಅಲ್ಲಿ ಇಳಿದುಕೊಂಡು ಶಿವಾಜಿನಗರದ ಕಡೆಯ ಒಂದು ಲ್ಯಾಬಿನಲ್ಲಿ ರಕ್ತ ಕೊಟ್ಟೆವು. ಸಂಜೆ ಬಂದ ವರದಿಯಲ್ಲಿ ಪೊಟ್ಯಾಸಿಯಂ 6.3. ಇರಬೇಕಾದ್ದು ಲೀಟರಿಗೆ 3.5ರಿಂದ 5 ಮಿಲಿಮೋಲ್. ಮಿತಿಮೀರಿದರೆ ಹೃದಯದ ಬಡಿತವೇ ತಪ್ಪಬಹುದು. ಡಾಕ್ಟರು ಕೂಡಲೇ ಇ.ಸಿ.ಜಿ. ಮಾಡಿಸಿ, ಮತ್ತೆ ರಕ್ತ ತೆಗೆಸಿದರು. ಈ ಸಲ 4.8! ಮೊದಲ ಸಲ ತೆಗೆದ ರಕ್ತದಲ್ಲಿ ಕಣಗಳು ಒಡೆದಿದ್ದವಂತೆ. ಶರೀರದ ಪೊಟ್ಯಾಸಿಯಂ ಬಹುಪಾಲು ಜೀವಕೋಶಗಳ ಒಳಗಿರುವುದರಿಂದ, ರಕ್ತ ತೆಗೆಯುವಾಗ ಕೆಂಪು ಕಣ ಒಡೆದರೂ, ತೆಗೆದ ರಕ್ತ ಬಹಳ ಹೊತ್ತು ಹಾಗೇ ಉಳಿದರೂ ಅದು ಹೊರಗೆ ಸೋರಿ ಅಂಕಿ ಏರುತ್ತದೆ. ಆ ಸಂಜೆ ನಮ್ಮ ಅಕ್ಕ ಪಟ್ಟ ಪಾಡು ಬೇರೆ ಮಾತು.

ರಾತ್ರಿ ಊಟವಾದ ಮೇಲೆ, ಚೀಲದಲ್ಲಿದ್ದ ನನ್ನ ತೋಟದ ಮಣ್ಣು ಪರೀಕ್ಷೆಯ ವರದಿಯನ್ನು ಅಳಿಯನಿಗೆ ತೋರಿಸಿದೆ. ಅವನು ರಸಾಯನಶಾಸ್ತ್ರ ಓದಿದವನು. “ಮಾವ, ಇಲ್ಲಿ ಹೆಕ್ಟೇರಿಗೆ 130 ಕೆ.ಜಿ. ಅಂತಿದೆ. ಯಾವ ಲೆಕ್ಕ ಇದು? ಪೊಟ್ಯಾಸಿಯಮ್ಮೋ, ಅದರ ಆಕ್ಸೈಡೋ?” ಎಂದ. ಕಾಲಮ್ಮಿನ ಮೇಲೆ ಬರೀ ‘ಪೊ.’ ಎಂದಿತ್ತು. ಮೂವತ್ತು ವರ್ಷ ಗೊಬ್ಬರ ಹಾಕಿದವನಿಗೆ ಉತ್ತರ ಹೊಳೆಯಲಿಲ್ಲ.

ವಿಷಯ ಹೀಗಿದೆ. ಸೌದೆಯ ಬೂದಿಯನ್ನು ನೀರಿನಲ್ಲಿ ಕದಡಿ, ತಿಳಿಯನ್ನು ಮಡಕೆಯಲ್ಲಿ ಬತ್ತಿಸಿ ತೆಗೆಯುತ್ತಿದ್ದುದೇ ಪೊಟ್ಯಾಷ್. 1807ರಲ್ಲಿ ಹಂಫ್ರಿ ಡೇವಿ ಅದರೊಳಗಿನ ಲೋಹವನ್ನು ಬೇರ್ಪಡಿಸಿ ಪೊಟ್ಯಾಸಿಯಂ ಎಂದು ಹೆಸರಿಟ್ಟ. ಆದರೆ ಗೊಬ್ಬರದ ವ್ಯಾಪಾರ ಇಂದಿಗೂ ಆಕ್ಸೈಡಿನ ಲೆಕ್ಕವನ್ನೇ ಹಿಡಿದುಕೊಂಡಿದೆ. ನಮ್ಮ ಗೋದಾಮಿನ ಕೆಂಪು ಪೊಟ್ಯಾಷ್ ವಾಸ್ತವವಾಗಿ ಪೊಟ್ಯಾಸಿಯಂ ಕ್ಲೋರೈಡ್. ಅದರಲ್ಲಿ ಆಕ್ಸೈಡ್ ಎಂಬುದು ಇಲ್ಲವೇ ಇಲ್ಲ. ಚೀಲದ ಮೇಲಿನ 60 ಎಂಬುದು ಕಾಗದದ ಲೆಕ್ಕ. 50 ಕೆ.ಜಿ. ಚೀಲದಲ್ಲಿ ಆ ಲೆಕ್ಕಕ್ಕೆ 30 ಕೆ.ಜಿ., ನಿಜವಾದ ಪೊಟ್ಯಾಸಿಯಂ ಸುಮಾರು 25 ಕೆ.ಜಿ.

ಇದರಿಂದ ಆಗುವ ನಷ್ಟ ನೋಡಿ. ಅಡಿಕೆ ಮರವೊಂದಕ್ಕೆ ವರ್ಷಕ್ಕೆ 140 ಗ್ರಾಂ ಪೊಟ್ಯಾಷ್ ಎಂಬ ಶಿಫಾರಸು ಆಕ್ಸೈಡಿನ ಲೆಕ್ಕದ್ದು. ಚೀಲದ ಗೊಬ್ಬರದಲ್ಲಿ ಅದು ಸುಮಾರು 233 ಗ್ರಾಂ ಆಗುತ್ತದೆ. ಚೀಲದಿಂದಲೇ 140 ಗ್ರಾಂ ತೂಗಿ ಹಾಕುವವರು ನಮ್ಮಲ್ಲಿ ಎಷ್ಟು ಮಂದಿ! ಮರಕ್ಕೆ ಸಿಗುವುದು 84 ಗ್ರಾಂ ಮಾತ್ರ. ಮಣ್ಣಿನ ವರದಿಯಲ್ಲೂ ಅಷ್ಟೇ. ಪೊಟ್ಯಾಸಿಯಂ ಲೆಕ್ಕದಲ್ಲಿ 120ಕ್ಕಿಂತ, ಆಕ್ಸೈಡ್ ಲೆಕ್ಕದಲ್ಲಿ ಸುಮಾರು 144ಕ್ಕಿಂತ ಕಡಿಮೆಯಾದರೆ ಕೊರತೆ ಎನ್ನುತ್ತಾರೆ. ನನ್ನ 130 ಒಂದು ಲೆಕ್ಕಕ್ಕೆ ಮಧ್ಯಮ, ಇನ್ನೊಂದಕ್ಕೆ ಕೊರತೆ. ಕೊರತೆಯೆಂದು ಬಗೆದು ಹೆಚ್ಚಿಗೆ ಸುರಿದರೆ ಗಿಡ ಮೆಗ್ನೀಸಿಯಂ ಹೀರುವುದು ಕಡಿಮೆಯಾಗಿ, ಕಾಫಿಯ ಹಳೆ ಎಲೆ ನರಗಳ ನಡುವೆ ಹಳದಿಯಾಗುತ್ತದೆ. ಈ ಸರಕೆಲ್ಲ ಹೊರದೇಶದಿಂದ ಬರುವಂಥದು. 2022ರಲ್ಲಿ ಚೀಲಕ್ಕೆ 1700 ರೂಪಾಯಿಯವರೆಗೆ ಏರಿದ್ದನ್ನು ಯಾರೂ ಮರೆತಿರಲಾರರು.

ಭಾವನವರ ವಿಷಯಕ್ಕೆ ಬರುತ್ತೇನೆ. ಎರಡನೆಯ ವರದಿ ಸರಿ ಬಂದರೂ ಡಾಕ್ಟರು ಎಳನೀರು ನಿಲ್ಲಿಸಿದರು. ಒಂದು ಎಳನೀರಿನಲ್ಲಿ ಅರ್ಧ ಗ್ರಾಮಿಗೂ ಮಿಕ್ಕಿ ಪೊಟ್ಯಾಸಿಯಂ ಇರುತ್ತದೆ. ಗಟ್ಟಿಮುಟ್ಟಾದವರಿಗೆ ಒಳ್ಳೆಯದೇ, ಮೂತ್ರಪಿಂಡ ಸೋತವರಿಗೆ ಅದನ್ನು ಹೊರಹಾಕುವ ದಾರಿಯಿಲ್ಲ. ನಮ್ಮ ಮನೆಗಳಲ್ಲಿ ಕಾಯಿಲೆಯವರಿಗೆ ಮೊದಲು ಕೆತ್ತಿ ಕೊಡುವುದೇ ಎಳನೀರು! ಇಂದಿರಾನಗರದ ಅಂಗಡಿಯಿಂದ ಅಳಿಯ ತಂದಿದ್ದ ‘ಕಡಿಮೆ ಸೋಡಿಯಂ’ ಉಪ್ಪನ್ನೂ ಬೇಡವೆಂದರು. ಪೊಟ್ಟಣ ಓದಿದೆ: ಪೊಟ್ಯಾಸಿಯಂ ಕ್ಲೋರೈಡ್. ನಮ್ಮ ಗೋದಾಮಿನ ಸರಕೇ, ಶುದ್ಧ ಮಾಡಿದ್ದು. ಇಂಥ ಉಪ್ಪು ಒಳ್ಳೆಯದೆಂದು 2025ರಲ್ಲಿ ಸೂಚಿಸಿದ ವಿಶ್ವ ಆರೋಗ್ಯ ಸಂಸ್ಥೆ ಕೂಡ ಮೂತ್ರಪಿಂಡದ ತೊಂದರೆಯುಳ್ಳವರನ್ನು ಆ ಸಲಹೆಯಿಂದ ಹೊರಗಿಟ್ಟಿದೆ.

ಆದ್ದರಿಂದ ಆಡಳಿತ ಮಂಡಳಿಯವರಲ್ಲಿ ನನ್ನ ಬೇಡಿಕೆ ಎರಡೇ. ಸಂಘದ ಮೂಲಕ ಕಳುಹಿಸುವ ಪ್ರತಿಯೊಂದು ಮಣ್ಣಿನ ಮಾದರಿಯ ಜೊತೆಗೆ, ಫಲಿತಾಂಶ ಯಾವ ಲೆಕ್ಕದ್ದೆಂದು ಬರೆದು ಕೊಡಿರೆಂಬ ಒಂದು ಸಾಲು ಹೋಗಲಿ. ಗೋದಾಮಿನ ತಕ್ಕಡಿಯ ಪಕ್ಕದಲ್ಲಿ ಒಂದು ಹಲಗೆ ತೂಗುಹಾಕಲಿ: ಪೊಟ್ಯಾಸಿಯಂ 1 ಎಂದರೆ ಆಕ್ಸೈಡ್ 1.2, ಚೀಲದ ಗೊಬ್ಬರ 2. ಹಲಗೆಯ ಬಣ್ಣದ ಖರ್ಚು ನನ್ನದಿರಲಿ.

ಊರಿಗೆ ಬಂದವನೇ ಮಣ್ಣು ಪರೀಕ್ಷೆ ಮಾಡಿದವರಿಗೆ ಕಾಗದ ಬರೆದೆ. ಪೊಟ್ಯಾಸಿಯಂ ಲೆಕ್ಕವೇ ಎಂದು ಉತ್ತರ ಬಂತು. ಈ ವರ್ಷಕ್ಕೆಂದು ಬರೆಸಿದ್ದ ಚೀಲಗಳಲ್ಲಿ ನಾಲ್ಕನ್ನು ಕಡಿಮೆ ಮಾಡಿಸಿದ್ದೇನೆ.